ಗಾದಿಯ ಕದನ ದೂರ, ಸಭೆಯ ಚಿಂತೆ ಹತ್ತಿರ: ತುಮಕೂರು, ಗುಬ್ಬಿ, ಕುಣಿಗಲ್ ಕ್ರೈಸ್ತ ಸಭೆಗಳ ಮುಂದಿರುವ ಪ್ರಶ್ನೆ

ತುಮಕೂರು: ದಕ್ಷಿಣ ಭಾರತದ ಅತಿ ದೊಡ್ಡ ಪ್ರೊಟೆಸ್ಟಂಟ್ ಸಭೆಯಾದ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾದದ್ದು ಹೆಚ್ಚಾಗಿ ನ್ಯಾಯಾಲಯಗಳ ಮೂಲಕ. ಬಿಷಪ್‌ಗಳ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಲು 2022ರಲ್ಲಿ ತಂದ ತಿದ್ದುಪಡಿ ಹಾಗೂ 2023ರಲ್ಲಿ ನಡೆದ ಮಾಡರೇಟರ್ ಚುನಾವಣೆ ಎರಡೂ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದವು. ಮಾಡರೇಟರ್ ಆಯ್ಕೆ ಊರ್ಜಿತವಲ್ಲವೆಂದು 2023ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. 2024ರ ಏಪ್ರಿಲ್‌ನಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಾಧಿಕಾರಿಗಳನ್ನಾಗಿ ನೇಮಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಧರ್ಮಸಂಸ್ಥೆಯೊಂದರ ಅತ್ಯುನ್ನತ ಪೀಠದಲ್ಲಿ ಯಾರು ಕೂರಬೇಕೆಂಬುದನ್ನು ನ್ಯಾಯಪೀಠ ತೀರ್ಮಾನಿಸಬೇಕಾಗಿ ಬಂದುದು ಆ ಸಂಸ್ಥೆಯ ಹಿತೈಷಿಗಳಿಗೆ ನೋವಿನ ಸಂಗತಿ.

ಚೆನ್ನೈ ಮತ್ತು ದೆಹಲಿಯಲ್ಲಿ ನಡೆದ ಈ ಕದನದಿಂದ ತುಮಕೂರು ನಗರ, ಗುಬ್ಬಿ, ಕುಣಿಗಲ್‌ನಂಥ ಊರುಗಳ ಸಭೆಗಳಿಗೆ ಆದ ಲಾಭ ನಷ್ಟಗಳೇನು? ಮೇಲ್ನೋಟಕ್ಕೆ ಏನೂ ಇಲ್ಲ. ಭಾನುವಾರದ ಆರಾಧನೆ ನಿಲ್ಲುವುದಿಲ್ಲ, ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳು ನಡೆಯುತ್ತಲೇ ಇರುತ್ತವೆ. ಆದರೆ ಎಲ್ಲರ ಗಮನವೂ ಗಾದಿಯ ಮೇಲೆ ನೆಟ್ಟಾಗ ಬಿಷಪ್ ಇರುವುದು ಯಾವುದಕ್ಕಾಗಿಯೋ ಆ ಸ್ಥಳೀಯ ಸಭೆ ನೇಪಥ್ಯಕ್ಕೆ ಸರಿಯುತ್ತದೆ. ಸಣ್ಣ ಊರಿನ ಸಭೆಯೊಂದು ಆರೋಗ್ಯವಾಗಿ ಉಳಿಯಬೇಕಾದರೆ ಅಲ್ಲಿಗೆ ಬರುವ ಸಭಾಪಾಲಕರಲ್ಲಿ ಏನಿರಬೇಕು, ಅವರು ಏನನ್ನು ಕಟ್ಟಿಟ್ಟು ಹೋಗಬೇಕು ಎಂಬುದು ಈಗ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ತುಮಕೂರು ಸೀಮೆಗಿಂತ ತಕ್ಕ ಜಾಗ ಬೇರೊಂದಿಲ್ಲ. ಏಕೆಂದರೆ ಹಳೆಯ ಮೈಸೂರು ಸಂಸ್ಥಾನದ ಗ್ರಾಮಾಂತರದಲ್ಲಿ ಈ ಪರಂಪರೆ ಮೊದಲು ನೆಲೆಯೂರಲು ಯತ್ನಿಸಿದ ಊರುಗಳ ಪೈಕಿ ಗುಬ್ಬಿ ಮತ್ತು ಕುಣಿಗಲ್ ಸೇರಿವೆ.

ಮೂರು ಪರಂಪರೆ, ಒಂದು ಸಭೆ

ತುಮಕೂರಿನವರು ದಿನವೂ ‘ಚರ್ಚ್ ಸರ್ಕಲ್’, ‘ಸಿಎಸ್‌ಐ ಬಡಾವಣೆ’ ಎಂಬ ಹೆಸರುಗಳನ್ನು ಹೇಳುತ್ತಾರೆ. ಆದರೆ ಆ ಹೆಸರಿನ ಹಿಂದಿರುವ ಸಂಸ್ಥೆಯ ಸ್ವರೂಪ ತಿಳಿದವರು ಕಡಿಮೆ. ಕ್ರೈಸ್ತರೆಂದರೆ ಎಲ್ಲರೂ ಒಂದೇ ಎಂಬ ಭಾವನೆ ಸಾಮಾನ್ಯ. ಆದರೆ ಕ್ಯಾಥೊಲಿಕರ ಗುರು, ಬಿಷಪ್, ಪೋಪ್ ವ್ಯವಸ್ಥೆ ಬೇರೆ, ಸಿಎಸ್‌ಐ ವ್ಯವಸ್ಥೆ ಬೇರೆ.

ಸಿಎಸ್‌ಐ ಹುಟ್ಟಿದ್ದು ದೇಶ ಸ್ವತಂತ್ರವಾದ ಆರು ವಾರಗಳ ನಂತರ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ. ಅಂದು ಆಂಗ್ಲಿಕನ್, ಮೆಥೋಡಿಸ್ಟ್ ಹಾಗೂ ಅದಾಗಲೇ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳನ್ನು ಒಳಗೊಂಡಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ ಒಂದಾದವು. ಬಿಷಪ್‌ಗಳಿರುವ ಸಭೆಗಳೂ ಬಿಷಪ್‌ಗಳೇ ಇಲ್ಲದ ಸಭೆಗಳೂ ಒಂದೇ ಸಂಸ್ಥೆಯಾದದ್ದು ಜಗತ್ತಿನ ಕ್ರೈಸ್ತ ಇತಿಹಾಸದಲ್ಲೇ ದೊಡ್ಡ ಪ್ರಯೋಗವೆನಿಸಿತು. ಆಂಗ್ಲಿಕನರು ಬಿಷಪ್ ಪದವಿಯನ್ನು ತಂದರು. ಪ್ರೆಸ್ಬಿಟೇರಿಯನರಿಂದ ಹಿರಿಯರ ಕೂಟದ ಆಡಳಿತ ಬಂತು. ಸಭೆಯ ವ್ಯವಹಾರವನ್ನು ಸಭೆಯೇ ನಿರ್ಧರಿಸುವ ಹಕ್ಕು ಕಾಂಗ್ರಿಗೇಷನಲರ ಕೊಡುಗೆ. ಊರಿಂದ ಊರಿಗೆ ಸಂಚರಿಸುವ ಬೋಧಕರ ಕ್ರಮ ಮೆಥೋಡಿಸ್ಟರದು.

ತುಮಕೂರು ಸೀಮೆ ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್ನಿನ ಕಾರ್ಯಕ್ಷೇತ್ರವಾಗಿತ್ತು. ಅಂದರೆ 1947ರವರೆಗೆ ಇಲ್ಲಿನ ಈ ಸಭೆಗಳಿಗೆ ಬಿಷಪ್ ಎಂಬ ಹುದ್ದೆಯೇ ಪರಿಚಯವಿರಲಿಲ್ಲ. ಒಕ್ಕೂಟದ ನಂತರ ಮೈಸೂರು ಸಭಾಪ್ರಾಂತ ರಚನೆಯಾಗಿ ಪಿ. ಗುರುಶಾಂತ ಅವರು ಮೊದಲ ಬಿಷಪ್ ಆದರು. ಅವರ ನಂತರ ಬಂದ ನಾರ್ಮನ್ ಸಾರ್ಜಂಟ್ ಮೆಥೋಡಿಸ್ಟ್ ಮಿಷನರಿಯಾಗಿದ್ದವರು. 1970ರಲ್ಲಿ ಮೈಸೂರು ಸಭಾಪ್ರಾಂತ ಉತ್ತರ, ದಕ್ಷಿಣ ಮತ್ತು ಸೆಂಟ್ರಲ್ ಎಂದು ಮೂರಾಯಿತು. ತುಮಕೂರು ಜಿಲ್ಲೆ ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ ಕರ್ನಾಟಕ ಸೆಂಟ್ರಲ್ ಸಭಾಪ್ರಾಂತಕ್ಕೆ ಸೇರಿತು.

ಸಿಎಸ್‌ಐ ಸಂವಿಧಾನದ ಪ್ರಕಾರ ಬಿಷಪ್ ಏಕಾಧಿಪತಿಯಲ್ಲ. ಸಭಾಪಾಲಕರು ಹಾಗೂ ಸಾಮಾನ್ಯ ಸಭಿಕರ ಪ್ರತಿನಿಧಿಗಳು ಕೂಡುವ ಸಭಾಪ್ರಾಂತ ಪರಿಷತ್ತು ಹೆಸರುಗಳ ಪಟ್ಟಿಯೊಂದನ್ನು ಆರಿಸಿ ಕಳುಹಿಸುತ್ತದೆ. ಅದರಲ್ಲಿ ಒಬ್ಬರನ್ನು ಸಿನಾಡ್ ಮಟ್ಟದಲ್ಲಿ ಬಿಷಪ್ ಆಗಿ ಆಯ್ಕೆ ಮಾಡಲಾಗುತ್ತದೆ. ಸ್ಥಳೀಯವಾಗಿ ಸಭಾಪಾಲಕರ ಜತೆ ಸಭಿಕರಿಂದ ಚುನಾಯಿತವಾದ ಪಾಸ್ಟೊರೇಟ್ ಸಮಿತಿ ಇರುತ್ತದೆ. ಹೀಗೆ ಕಾಗದದ ಮೇಲೆ ಅಧಿಕಾರ ಎಲ್ಲ ಹಂತಗಳಲ್ಲೂ ಹಂಚಿಕೆಯಾಗಿದೆ. ವಾಸ್ತವದಲ್ಲಿ ಅದು ಹಂಚಿಕೆಯಾಗುತ್ತಿದೆಯೇ ಎಂಬುದು ಸಣ್ಣ ಊರುಗಳಲ್ಲೇ ಪರೀಕ್ಷೆಗೊಳಗಾಗುತ್ತದೆ.

ಗುಬ್ಬಿಯಲ್ಲಿ ತಂಗಿದವರು, ತೆರಳಿದವರು

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮಿಷನ್ ವರದಿಗಳಲ್ಲಿ ‘ಗೂಬ್ಬೀ’, ‘ಕೂಂಗಲ್’ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಇವು ಇಂದಿನ ಗುಬ್ಬಿ ಮತ್ತು ಕುಣಿಗಲ್. 1830ರ ದಶಕದ ಕೊನೆಯಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮಿಷನರಿ ಬೆಂಗಳೂರಿನ ದಂಡು ಪ್ರದೇಶವನ್ನು ಬಿಟ್ಟು ಕನ್ನಡ ನಾಡಿನ ಒಳಭಾಗದ ಗುಬ್ಬಿಯಲ್ಲಿ ಕೆಲಸ ಆರಂಭಿಸಿದರು. ದಂಡಿನಲ್ಲಿ ಸೈನಿಕರು, ಇಂಗ್ಲಿಷ್ ಹಾಗೂ ತಮಿಳು ಬಲ್ಲವರು ಇದ್ದರು. ಗುಬ್ಬಿಯಲ್ಲಿ ಇದ್ದದ್ದು ಸಂತೆ, ವ್ಯಾಪಾರ, ಅಪ್ಪಟ ಕನ್ನಡ.

1839ರಲ್ಲಿ ವಿಲಿಯಂ ಆರ್ಥರ್ ಎಂಬ ಯುವ ಬೋಧಕ ಗುಬ್ಬಿಗೆ ಬಂದರು. ಕಣ್ಣಿನ ತೊಂದರೆಯಿಂದ ಬಹುಕಾಲ ನಿಲ್ಲಲಾಗದೆ 1841ರಲ್ಲಿ ಹಿಂತಿರುಗಿದರು. 1847ರಲ್ಲಿ ಲಂಡನ್ನಿನಲ್ಲಿ ಅವರು ಪ್ರಕಟಿಸಿದ ಮೈಸೂರು ಮಿಷನ್ ಕುರಿತ ಗ್ರಂಥ ಪ್ರಸಿದ್ಧವಾಯಿತು. ಮುಂದೆ ಅವರು ಬ್ರಿಟನ್ನಿನ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷ ಪದವಿಗೂ ಏರಿದರು. ಹಾಡ್ಸನ್ ಹಾದಿ ಬೇರೆ. ಅವರು ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದರು, ಕನ್ನಡ ಕಲಿತರು, ಕಲಿಯುವವರಿಗಾಗಿ ಕನ್ನಡ ವ್ಯಾಕರಣವನ್ನೂ ಬರೆದರು. ಆ ವ್ಯಾಕರಣ 1864ರಲ್ಲಿ ಎರಡನೆಯ ಮುದ್ರಣ ಕಂಡಿತು. ಅವರು 1877ರಲ್ಲಿ ಪ್ರಕಟಿಸಿದ ‘ಓಲ್ಡ್ ಡೇನಿಯಲ್’ ಎಂಬ ಪುಸ್ತಕದ ಕೇಂದ್ರದಲ್ಲಿ ಇರುವುದು ಮಿಷನರಿಯಲ್ಲ, ಗುಬ್ಬಿ ಸೀಮೆಯ ಒಬ್ಬ ಮತಾಂತರಿತ ಗ್ರಾಮಸ್ಥ.

ಇಬ್ಬರನ್ನೂ ಹೋಲಿಸಿ ಒಬ್ಬರನ್ನು ಹಿರಿದು, ಇನ್ನೊಬ್ಬರನ್ನು ಕಿರಿದು ಮಾಡುವುದು ಇಲ್ಲಿನ ಉದ್ದೇಶವಲ್ಲ. ವಸಾಹತು ಕಾಲದ ಮಿಷನರಿಗಳು ಈ ನೆಲದ ಧರ್ಮಗಳನ್ನು ಕುರಿತು ಬರೆದ ಎಲ್ಲವನ್ನೂ ಇಂದು ಒಪ್ಪಬೇಕಾಗಿಯೂ ಇಲ್ಲ. ಆದರೆ ಸಭೆ ಕಟ್ಟುವ ಕೆಲಸದಲ್ಲಿ ಪ್ರಸಿದ್ಧಿಗಿಂತ ನಿಲುಗಡೆ ಮುಖ್ಯ, ಭಾಷಣಕ್ಕಿಂತ ಭಾಷೆ ಮುಖ್ಯ ಎಂಬುದನ್ನು ಗುಬ್ಬಿಯ ಈ ಆರಂಭ ಸೂಚಿಸುತ್ತದೆ. ಒಂದೂಮುಕ್ಕಾಲು ಶತಮಾನ ಕಳೆದ ಮೇಲೂ ಸಣ್ಣ ಊರಿನ ಸಭಾಪಾಲಕರ ಎದುರಿಗಿರುವ ಸವಾಲುಗಳು ಇವೇ ಎರಡು.

ವರ್ಗಾವಣೆ ಉಳಿಯಿತು, ವರ್ಗ ಅಳಿಯಿತು

ಸರ್ಕಾರಿ ನೌಕರರಂತೆ ಸಿಎಸ್‌ಐ ಸಭಾಪಾಲಕರಿಗೂ ವರ್ಗಾವಣೆ ಉಂಟು. ಕೆಲವು ವರ್ಷಗಳಿಗೊಮ್ಮೆ ಸಭಾಪ್ರಾಂತದ ಆದೇಶ ಬರುತ್ತದೆ, ಸಭಾಪಾಲಕರ ಮನೆ ಖಾಲಿಯಾಗುತ್ತದೆ, ಹೊಸಬರು ಬರುತ್ತಾರೆ. ಗ್ರಾಮಾಂತರ ಪಾಸ್ಟೊರೇಟ್‌ಗಳಲ್ಲಿ ಒಬ್ಬರೇ ಒಂದಕ್ಕಿಂತ ಹೆಚ್ಚು ದೇವಾಲಯಗಳನ್ನು ನೋಡಿಕೊಳ್ಳುವುದೂ ಸಾಮಾನ್ಯ. ಪ್ರತಿಯೊಂದು ಮನೆಯ ಕಷ್ಟಸುಖ ಅರಿಯುವ ಹೊತ್ತಿಗೆ ಹೊರಡುವ ಕಾಲ ಬಂದಿರುತ್ತದೆ.

ಈ ಪದ್ಧತಿಯ ಬೇರು ಇರುವುದು ಮೆಥೋಡಿಸ್ಟ್ ಪರಂಪರೆಯಲ್ಲಿ. ಬೋಧಕರು ಒಂದೇ ‘ಸರ್ಕೀಟ್’ನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲಬಾರದೆಂಬ ನಿಯಮ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಮೆಥೋಡಿಸ್ಟರಲ್ಲಿ ಇತ್ತು. ಹಾಗಿದ್ದೂ ಸಭೆಗಳು ಕುಸಿಯದೆ ಇದ್ದುದು ಹೇಗೆ? ಉತ್ತರ ‘ಕ್ಲಾಸ್ ಮೀಟಿಂಗ್’ ಎಂಬ ವ್ಯವಸ್ಥೆಯಲ್ಲಿದೆ.

ಇದರ ಹುಟ್ಟು ಕುತೂಹಲಕರ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿ ಅವರ ಅನುಯಾಯಿಗಳಿಗೆ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸಬೇಕಿತ್ತು. ಸದಸ್ಯರನ್ನು ಹನ್ನೆರಡು ಮಂದಿಯ ಗುಂಪುಗಳಾಗಿ ವಿಂಗಡಿಸಿ, ವಾರಕ್ಕೊಂದು ಪೆನ್ನಿಯಂತೆ ಸಂಗ್ರಹಿಸಲು ಪ್ರತಿ ಗುಂಪಿಗೂ ಒಬ್ಬ ನಾಯಕನನ್ನು ಗೊತ್ತು ಮಾಡಲಾಯಿತು. ಹಣಕ್ಕಾಗಿ ಮನೆ ಮನೆಗೆ ಹೋದವರಿಗೆ ಅಲ್ಲಿನ ಕಾಯಿಲೆ, ಕುಡಿತ, ಜಗಳ, ಹಸಿವು ಕಂಡವು. ವಸೂಲಿಗೆಂದು ಆರಂಭವಾದ ಏರ್ಪಾಡು ಪರಸ್ಪರ ಆರೈಕೆಯ ಏರ್ಪಾಡಾಗಿ ಬದಲಾಯಿತು. ಬೋಧಕ ಬಂದು ಹೋಗುವವನು, ಗುಂಪಿನ ನಾಯಕ ಊರಿನಲ್ಲೇ ಇರುವವನು. ಆತ ನೇಕಾರನಿರಬಹುದು, ಗಣಿ ಕೆಲಸಗಾರನಿರಬಹುದು. ಸಭೆಯ ಬೆನ್ನೆಲುಬು ಆತನೇ ಆಗಿದ್ದ.

ಮೆಥೋಡಿಸ್ಟ್ ವ್ಯವಸ್ಥೆಯ ಈ ಎರಡು ಚಕ್ರಗಳಲ್ಲಿ ನಮ್ಮ ಸಭೆಗಳಿಗೆ ಗಟ್ಟಿಯಾಗಿ ಉಳಿದು ಬಂದದ್ದು ವರ್ಗಾವಣೆಯ ಚಕ್ರ ಮಾತ್ರ. ಮನೆ ಮನೆಯ ಹೊಣೆ ಹೊತ್ತ ಸಾಮಾನ್ಯ ಸಭಿಕರ ಚಕ್ರ ಸವೆದಿದೆ. ಅದರ ಸ್ಥಾನದಲ್ಲಿ ಬಂದ ಚುನಾಯಿತ ಸಮಿತಿ ಲೆಕ್ಕಪತ್ರ, ದುರಸ್ತಿ, ಹಬ್ಬದ ಏರ್ಪಾಡುಗಳನ್ನು ನೋಡಿಕೊಳ್ಳುತ್ತದೆಯೇ ಹೊರತು ಜನರನ್ನು ನೋಡಿಕೊಳ್ಳುವುದು ತನ್ನ ಕೆಲಸವೆಂದು ಬಗೆಯುವುದು ಅಪರೂಪ. ಸಮಿತಿಯ ಚುನಾವಣೆ ಪಂಗಡಗಳ ಪೈಪೋಟಿಯಾದರಂತೂ ಹೊಸದಾಗಿ ಬಂದ ಸಭಾಪಾಲಕರು ಯಾವುದಾದರೊಂದು ಪಂಗಡದವರೆಂದೇ ಗುರುತಿಸಲ್ಪಡುತ್ತಾರೆ.

ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ಪದ್ಧತಿ ಬೇರೆಯಾಗಿದೆ. ಅಲ್ಲಿಯೂ ಬಿಷಪ್ ಇದ್ದಾರೆ. ಆದರೆ ಸ್ಥಳೀಯ ಸಭೆಯ ಚುನಾಯಿತ ಆಡಳಿತ ಸಮಿತಿಯೇ ತನ್ನ ಸಭಾಪಾಲಕರನ್ನು ಹುಡುಕಿ, ಬಿಷಪ್ ಒಪ್ಪಿಗೆಯೊಡನೆ ಕರೆಸಿಕೊಳ್ಳುತ್ತದೆ. ಬಂದವರು ಹತ್ತು ಹದಿನೈದು ವರ್ಷ ಉಳಿಯುವುದೂ ಉಂಟು. ಇದರಲ್ಲಿ ಅಪಾಯವಿಲ್ಲವೆಂದಲ್ಲ. ಹಣವುಳ್ಳ ಸಭೆಗೆ ಒಳ್ಳೆಯವರು ಸಿಗುತ್ತಾರೆ, ಬಡ ಸಭೆ ವರ್ಷಗಟ್ಟಲೆ ಕಾಯುತ್ತದೆ. ನಮ್ಮಲ್ಲಿ ವರ್ಗಾವಣೆ ಇಲ್ಲದಿದ್ದರೆ ಬೆಂಗಳೂರಿನ ದೊಡ್ಡ ದೇವಾಲಯಗಳಲ್ಲಿ ಇರುವವರು ಗುಬ್ಬಿಗೆ ಬರಲು ಒಪ್ಪುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದ ವರ್ಗಾವಣೆಯನ್ನು ರದ್ದು ಮಾಡುವುದು ಪರಿಹಾರವಲ್ಲ. ಸಭಾಪಾಲಕರು ಹೊರಟ ಮರುದಿನವೂ ಸಭೆ ನಿಲ್ಲುವಂತೆ ಸ್ಥಳೀಯರನ್ನು ಸಿದ್ಧಗೊಳಿಸುವುದು ಪರಿಹಾರ.

ಕನ್ನಡದಲ್ಲಿ ಬೋಧಿಸುವವರು

ಇನ್ನೊಂದು ಪ್ರಶ್ನೆ ತರಬೇತಿಯದು. ಕನ್ನಡ ಸಭಾಪಾಲಕರನ್ನು ತಯಾರು ಮಾಡುವ ಯೂನಿಯನ್ ಕೆನರೀಸ್ ಸೆಮಿನರಿ ಒಂದು ಕಾಲದಲ್ಲಿ ತುಮಕೂರಿನಲ್ಲೇ ಇತ್ತು ಎಂಬುದು ಇಂದಿನ ತಲೆಮಾರಿಗೆ ಬಹುಮಟ್ಟಿಗೆ ಮರೆತ ಸಂಗತಿ. ಬೇರೆ ಬೇರೆ ಮಿಷನ್‌ಗಳು ಕೂಡಿ ನಡೆಸಿದ ಆ ಶಾಲೆ 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಸೇರಿ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್ 1910ರಲ್ಲಿ ಸ್ಥಾಪನೆಯಾಗಿದ್ದು, ಇಂಗ್ಲಿಷ್ ಮಾಧ್ಯಮದಲ್ಲಿ ಉನ್ನತ ದೇವಶಾಸ್ತ್ರ ಕಲಿಸುವ ಸಂಸ್ಥೆಯೆಂದು ದೇಶದಾಚೆಗೂ ಹೆಸರಾಗಿದೆ.

ಎರಡೂ ಬೇಕು. ಆದರೆ ಇಂಗ್ಲಿಷ್ ಗ್ರಂಥಗಳಲ್ಲಿ ಪಳಗಿದ ಯುವ ಪದವೀಧರರು ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಾವಿನ ಮನೆಗೆ ಹೋದಾಗ ಅವರ ಬಾಯಲ್ಲಿ ಯಾವ ಕನ್ನಡ ಬರುತ್ತದೆ ಎಂಬುದು ಮುಖ್ಯ. ದೇವಾಲಯದಲ್ಲಿ ಓದುವ ಆರಾಧನಾ ಕ್ರಮದ ಕನ್ನಡ ಗಂಭೀರವಾದದ್ದು, ಹಳೆಯದು. ಮನೆಯಲ್ಲಿ ಆಡುವ ಕನ್ನಡ ಬೇರೆ. ಎರಡರ ನಡುವೆ ಸೇತುವೆ ಆಗಬೇಕಾದವರು ಸಭಾಪಾಲಕರು. ಬೆಂಗಳೂರು ಕೇಂದ್ರಿತ ಸಭಾಪ್ರಾಂತದಲ್ಲಿ ಇಂಗ್ಲಿಷ್, ತಮಿಳು, ಕನ್ನಡ, ತೆಲುಗು, ಮಲಯಾಳ ಆರಾಧನೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಅಲ್ಲಿ ಕನ್ನಡ ಹಲವು ಭಾಷೆಗಳಲ್ಲಿ ಒಂದು. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಅದೇ ಬದುಕಿನ ಭಾಷೆ. ನೇಮಕ ಮಾಡುವವರು ಈ ವ್ಯತ್ಯಾಸವನ್ನು ಮರೆತರೆ ಸಭಾಪಾಲಕರೂ ಸಭೆಯೂ ಅಪರಿಚಿತರಾಗಿಯೇ ಉಳಿಯುತ್ತಾರೆ.

ಮಹಿಳೆಯರ ಪಾತ್ರವನ್ನೂ ಇಲ್ಲಿಯೇ ಗಮನಿಸಬೇಕು. ಸಿಎಸ್‌ಐ ಮಹಿಳೆಯರಿಗೆ ಸಭಾಪಾಲಕ ದೀಕ್ಷೆ ನೀಡುತ್ತದೆ. 2013ರಲ್ಲಿ ಆಂಧ್ರದ ನಂದ್ಯಾಲ ಸಭಾಪ್ರಾಂತಕ್ಕೆ ಇ. ಪುಷ್ಪಲಲಿತಾ ಅವರು ಬಿಷಪ್ ಆದಾಗ ಅದು ದೇಶದಲ್ಲೇ ಮೊದಲೆನಿಸಿತು. ಆಂಗ್ಲಿಕನ್ ಪರಂಪರೆಯ ತಾಯ್ನೆಲವಾದ ಇಂಗ್ಲೆಂಡಿನಲ್ಲಿ ಆಗಿನ್ನೂ ಮಹಿಳಾ ಬಿಷಪ್ ಇರಲಿಲ್ಲ. ಸಣ್ಣ ಊರುಗಳಲ್ಲಿ ರೋಗಿಗಳ ಭೇಟಿ, ಮಕ್ಕಳ ಸಂಡೇ ಸ್ಕೂಲ್, ಮನೆ ಪ್ರಾರ್ಥನೆಗಳನ್ನು ಬಹುಪಾಲು ಹೊತ್ತಿರುವವರು ಸ್ತ್ರೀಯರೇ. ಆರೈಕೆಯ ಹಳೆಯ ಚಕ್ರ ಇನ್ನೂ ತಿರುಗುತ್ತಿದ್ದರೆ ಅದು ಮಹಿಳಾ ಕೂಟಗಳಲ್ಲಿ. ಆದರೆ ಸಮಿತಿಯ ತೀರ್ಮಾನಗಳಲ್ಲಿ ಅವರ ಮಾತಿಗೆ ಇದೇ ಪ್ರಮಾಣದ ತೂಕ ಇದೆಯೇ ಎಂದು ಪ್ರತಿ ಸಭೆಯೂ ಕೇಳಿಕೊಳ್ಳಬೇಕು.

ಬದಲಾದ ಜಿಲ್ಲೆ

ಸಭೆಗಳ ಸುತ್ತಲ ಊರೂ ಮೊದಲಿನಂತಿಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಕುಣಿಗಲ್ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು 2017ರಲ್ಲಿ ಆರಂಭವಾಯಿತು. ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗಿ ಬರುವವರಿಂದ ರೈಲುಗಳು ತುಂಬಿರುತ್ತವೆ.

ಇದರ ಪರಿಣಾಮ ಎರಡು ದಿಕ್ಕಿನದು. ಓದಿದ ಯುವಕ ಯುವತಿಯರು ಬೆಂಗಳೂರಿಗೆ ಹೋಗಿ ಅಲ್ಲಿನ ದೊಡ್ಡ ಸಭೆಗಳಿಗೋ ಹೊಸ ಸ್ವತಂತ್ರ ಪ್ರಾರ್ಥನಾ ಕೂಟಗಳಿಗೋ ಸೇರುತ್ತಾರೆ. ಮೂಲ ಊರಿನ ದೇವಾಲಯದಲ್ಲಿ ಉಳಿಯುವವರು ಹಿರಿಯರು. ಕ್ರಿಸ್‌ಮಸ್ ಮತ್ತು ಬೆಳೆ ಹಬ್ಬಕ್ಕೆ ತುಂಬುವ ಬೆಂಚುಗಳು ಉಳಿದ ಭಾನುವಾರಗಳಲ್ಲಿ ಖಾಲಿಯಾಗಿರುತ್ತವೆ. ಅದೇ ಹೊತ್ತಿಗೆ ಕಾರ್ಖಾನೆ, ಕಾಲೇಜು, ಆಸ್ಪತ್ರೆಗಳ ಕೆಲಸಕ್ಕಾಗಿ ಹೊರ ಜಿಲ್ಲೆ, ಹೊರ ರಾಜ್ಯಗಳ ಕ್ರೈಸ್ತರು ಜಿಲ್ಲೆಗೆ ಬರುತ್ತಾರೆ. ಇವರನ್ನು ಬರಮಾಡಿಕೊಳ್ಳುವ ಸಭೆ ಬೆಳೆಯುತ್ತದೆ, ‘ನಮ್ಮ ಹಳೆಯ ಕುಟುಂಬಗಳು’ ಎಂದು ಬಾಗಿಲು ಅರ್ಧ ಮುಚ್ಚಿಕೊಳ್ಳುವ ಸಭೆ ಸೊರಗುತ್ತದೆ. ಇದು ಸಂಖ್ಯೆಯ ಮಾತಲ್ಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87, ಅಂದರೆ ಸುಮಾರು 11.4 ಲಕ್ಷ. ಕರಾವಳಿ ಮತ್ತು ಬೆಂಗಳೂರಿನ ಹೊರಗೆ ಅವರು ಚದುರಿದ ಸಣ್ಣ ಸಮುದಾಯ. ಚದುರಿದವರಿಗೆ ಸಭೆ ಬರಿಯ ಪ್ರಾರ್ಥನೆಯ ಜಾಗವಲ್ಲ, ಪರಿಚಿತರ ಏಕೈಕ ಕೂಟವೂ ಹೌದು.

ಕಾಯ್ದೆ ಮತ್ತು ಕಾಲಂ

ಸಭಾಪಾಲಕರ ಕೆಲಸಕ್ಕೆ ಇತ್ತೀಚೆಗೆ ಕಾನೂನಿನ ಆಯಾಮವೂ ಸೇರಿಕೊಂಡಿದೆ. 2022ರಲ್ಲಿ ಜಾರಿಯಾದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಮತಾಂತರಕ್ಕೆ ಮುಂಚಿತ ಘೋಷಣೆಯನ್ನು ಕಡ್ಡಾಯಗೊಳಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ರಾಜಕೀಯ ಏನೇ ಇರಲಿ, ಮನೆ ಪ್ರಾರ್ಥನೆಗೆ ಹೋಗುವ ಸಣ್ಣ ಊರಿನ ಬೋಧಕರು ನೆರೆಯವರ ಕಣ್ಣಿಗೆ ಅನುಮಾನದ ವ್ಯಕ್ತಿಯಾಗುವ ವಾತಾವರಣ ಉಂಟಾಯಿತು. ಇಂಥ ಹೊತ್ತಿನಲ್ಲಿ ನೆರೆಹೊರೆಯೊಡನೆ ಹಳೆಯ ಸ್ನೇಹವಿರುವ ಸಭೆಗೂ ಕಾಂಪೌಂಡ್ ಒಳಗೇ ಉಳಿದ ಸಭೆಗೂ ವ್ಯತ್ಯಾಸ ತಿಳಿಯುತ್ತದೆ. ಪೊಲೀಸ್ ಠಾಣೆಗೆ ದೂರು ಹೋಗುವ ಮುನ್ನ ‘ಇವರು ನಮಗೆ ಗೊತ್ತು’ ಎನ್ನುವ ಒಬ್ಬ ನೆರೆಯವನಿದ್ದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಜಾತಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗ ಜಾತಿ ಹೆಸರಿನ ಜತೆ ‘ಕ್ರೈಸ್ತ’ ಎಂಬ ಪದ ಸೇರಿಸಿದ ಪಟ್ಟಿ ವಿವಾದಕ್ಕೆ ಕಾರಣವಾಯಿತು. ಅಂಥ ಹೆಸರುಗಳು ಆ್ಯಪ್‌ನಲ್ಲಿ ಕಾಣದಂತೆ ಮಾಡಲು ಆಯೋಗ ಮುಂದಾಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯ ಆಯೋಗ ನೇಮಿಸಿತು.

ಗಣತಿದಾರರು ಬಾಗಿಲಿಗೆ ಬಂದಾಗ ಯಾವ ಕಾಲಂನಲ್ಲಿ ಏನು ಬರೆಸಬೇಕೆಂದು ಸಭಿಕರು ಸಹಜವಾಗಿ ಕೇಳುವುದು ಸಭಾಪಾಲಕರನ್ನು. ಇಲ್ಲಿ ಸುಲಭದ ಉತ್ತರವಿಲ್ಲ. ಒಂದು ಕಡೆ ‘ಕ್ರಿಸ್ತನಲ್ಲಿ ಜಾತಿ ಇಲ್ಲ’ ಎಂಬ ಬೋಧನೆ. ಇನ್ನೊಂದು ಕಡೆ ಮಕ್ಕಳ ಪ್ರಮಾಣಪತ್ರ, ಶುಲ್ಕ ವಿನಾಯಿತಿ, ಉದ್ಯೋಗ. ಮತ್ತೂ ಒಂದು ಕಡೆ, ಸಭೆಯ ಒಳಗೇ ಮದುವೆ ಸಂಬಂಧಗಳಲ್ಲಿ ಇಣುಕುವ ಜಾತಿ. ಇದನ್ನು ಮುಚ್ಚಿಟ್ಟು ಐಕ್ಯದ ಪ್ರಸಂಗ ಮಾಡುವವರಿಗಿಂತ, ಸಭೆಯಲ್ಲಿ ಬಿಚ್ಚಿ ಮಾತಾಡಲು ಅವಕಾಶ ಕೊಡುವ ಸಭಾಪಾಲಕರು ಹೆಚ್ಚು ಉಪಕಾರ ಮಾಡುತ್ತಾರೆ.

ಲೆಕ್ಕ, ಆಸ್ತಿ, ಮಕ್ಕಳು

ಸಿಎಸ್‌ಐ ಆಸ್ತಿಗಳ ಒಡೆತನ 1947ರಲ್ಲಿ ನೋಂದಣಿಯಾದ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿಯದು. ಊರಿನವರು ಕಾಣಿಕೆ ಹಾಕಿ ಕಟ್ಟಿದ ದೇವಾಲಯದ ಭೂಮಿಯ ತೀರ್ಮಾನ ದೂರದ ಕಚೇರಿಯಲ್ಲಿ ಆಗಬಹುದು. 2019ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚಿನ ಜಾಗ ಮೆಟ್ರೊ ಯೋಜನೆಗೆ ಗುರುತಾದಾಗ ಅಲ್ಲಿನ ಸಭಿಕರೇ ಮುಂದೆ ನಿಂತು ಹಳೆಯ ಮರಗಳು ಮತ್ತು ಆವರಣ ಉಳಿಸಲು ಹೋರಾಡಿದರು. ನಗರದ ಸಭೆಗೆ ಮಾಧ್ಯಮ, ವಕೀಲರು, ಪರಿಸರವಾದಿಗಳ ಬೆಂಬಲ ಸಿಗುತ್ತದೆ. ಹೆದ್ದಾರಿ ಬದಿಯ ಸಣ್ಣ ಊರಿನ ಸಭೆಗೆ ಅದು ಸಿಗುವುದು ಕಷ್ಟ. ಭೂಮಿಯ ಬೆಲೆ ಏರುತ್ತಿರುವ ತುಮಕೂರು ಸೀಮೆಯಲ್ಲಿ ಪ್ರತಿ ಸಭೆಯೂ ತನ್ನ ಪಹಣಿ, ನಕ್ಷೆ, ದಾನಪತ್ರಗಳ ಪ್ರತಿಗಳನ್ನು ಇಟ್ಟುಕೊಂಡು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಓದಿ ಹೇಳುವುದು ಅಗತ್ಯ. ಅದು ಅನುಮಾನದ ಲಕ್ಷಣವಲ್ಲ, ಎಚ್ಚರದ ಲಕ್ಷಣ.

ಹಣದ ಮಾತೂ ಅಷ್ಟೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ದೇಣಿಗೆಯನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಹೊರಗಿನ ನೆರವಿನ ಕಾಲ ಮುಗಿಯುತ್ತಿದೆ ಎಂಬುದರ ಸೂಚನೆ ಇದು. ಇನ್ನು ಸಭೆ ನಿಲ್ಲಬೇಕಾದದ್ದು ಸಭಿಕರ ಕಾಣಿಕೆಯ ಮೇಲೆ. ಲೆಕ್ಕ ಕಾಣದ ಕಡೆ ಕಾಣಿಕೆ ಬತ್ತುತ್ತದೆ ಎಂಬುದು ಎಲ್ಲ ಧರ್ಮಗಳ ಸಂಸ್ಥೆಗಳಿಗೂ ಅನ್ವಯಿಸುವ ಸತ್ಯ.

ಮೂರನೆಯದು ಮಕ್ಕಳ ಸುರಕ್ಷತೆ. ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥರಾಗಿದ್ದ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಘೋಷಿಸಿದ್ದು ತಾವೇ ಮಾಡಿದ ದೌರ್ಜನ್ಯಕ್ಕಾಗಿ ಅಲ್ಲ. ಸಭೆಯೊಡನೆ ನಂಟಿದ್ದ ಒಬ್ಬ ವ್ಯಕ್ತಿ ಬಾಲಕರ ಮೇಲೆ ನಡೆಸಿದ ದೌರ್ಜನ್ಯ ತಿಳಿದ ಮೇಲೂ ತಕ್ಕ ಕ್ರಮ ಆಗಲಿಲ್ಲ ಎಂಬ ಸ್ವತಂತ್ರ ವರದಿಯ ಕಾರಣಕ್ಕಾಗಿ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ವಸತಿ ನಿಲಯ, ಶಾಲೆ, ಸಂಡೇ ಸ್ಕೂಲ್ ನಡೆಸುವ ಯಾವ ಧರ್ಮದ ಸಂಸ್ಥೆಗೂ ಇದರಿಂದ ವಿನಾಯಿತಿಯಿಲ್ಲ. ‘ಮರ್ಯಾದೆ ಪ್ರಶ್ನೆ, ಒಳಗೇ ಮುಗಿಸೋಣ’ ಎಂಬ ಮಾತು ಸಭೆಯ ಆರೋಗ್ಯಕ್ಕೆ ವಿಷ.

ಊರಿನ ಅಳತೆಗೋಲು

ತುಮಕೂರಿನಲ್ಲಿ ಧಾರ್ಮಿಕ ನಾಯಕರನ್ನು ಅಳೆಯುವ ಕೋಲು ಬೇರೆ ಊರುಗಳಿಗಿಂತ ಉದ್ದ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಜಾತಿ ಮತ ನೋಡದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದ್ದನ್ನು ಕಂಡ ಜನ ಇವರು. ಒಂದು ಸಣ್ಣ ಸಭೆ ಅಂಥ ದಾಸೋಹ ನಡೆಸಲಾರದು, ನಡೆಸಬೇಕಿಲ್ಲ. ಆದರೆ ‘ನೀವು ಊರಿಗೆ ಏನಾಗಿದ್ದೀರಿ’ ಎಂಬ ಪ್ರಶ್ನೆಯನ್ನು ಇಲ್ಲಿನ ಜನ ಎಲ್ಲ ಧರ್ಮದವರಿಗೂ ಕೇಳುತ್ತಾರೆ. ಹಿಂದೆ ಶಾಲೆ ತೆರೆದದ್ದು, 1876–78ರ ಮಹಾ ಕ್ಷಾಮದ ನಂತರ ಸಂಸ್ಥಾನದಲ್ಲಿ ಅನಾಥ ಮಕ್ಕಳಿಗೆ ನೆಲೆ ಕಲ್ಪಿಸಿದ್ದು ಮಿಷನ್‌ಗಳ ಉತ್ತರವಾಗಿತ್ತು. ಇಂದಿನ ಉತ್ತರವನ್ನು ಇಂದಿನ ಸಭೆಗಳೇ ಹುಡುಕಿಕೊಳ್ಳಬೇಕು. ಒಂಟಿಯಾದ ವೃದ್ಧರು, ಕುಡಿತಕ್ಕೆ ಬಿದ್ದ ಮನೆಗಳು, ಕಾರ್ಖಾನೆಗೆ ಬಂದ ಹೊರಗಿನ ಕಾರ್ಮಿಕರು ಎಲ್ಲ ಊರುಗಳಲ್ಲೂ ಇದ್ದಾರೆ.

ಸಭಾಪ್ರಾಂತದ ಆಡಳಿತಕ್ಕೂ ಇದರಲ್ಲಿ ಪಾತ್ರವಿದೆ. ಕನ್ನಡ ಬಲ್ಲವರನ್ನೇ ಕನ್ನಡ ಸಭೆಗಳಿಗೆ ಕಳುಹಿಸುವುದು, ವರ್ಗಾವಣೆಗೆ ಮುನ್ನ ಹೊರಡುವವರೂ ಬರುವವರೂ ಕೆಲವು ವಾರ ಜತೆಯಾಗಿ ಮನೆ ಮನೆ ಸುತ್ತುವ ಏರ್ಪಾಡು ಮಾಡುವುದು, ಸ್ಥಳೀಯ ಹಿರಿಯರಿಗೂ ಮಹಿಳೆಯರಿಗೂ ಆರೈಕೆಯ ತರಬೇತಿ ನೀಡುವುದು ಹೆಚ್ಚು ಹಣ ಬೇಡುವ ಕೆಲಸಗಳಲ್ಲ. ಸಿನಾಡ್ ನಿಯಮಗಳ ತಿದ್ದುಪಡಿಯೂ ಬೇಕಾಗಿಲ್ಲ, ನ್ಯಾಯಾಲಯದ ಆದೇಶವೂ ಬೇಕಾಗಿಲ್ಲ.

ಬಿಷಪ್ ಪದವಿಗೆ ಅಧಿಕಾರ ಎಷ್ಟು, ಅವಧಿ ಎಷ್ಟು ಎಂಬುದನ್ನು ನ್ಯಾಯಾಲಯಗಳು ಹೇಳಬಲ್ಲವು. ಕುಣಿಗಲ್‌ನಲ್ಲಿ ಮುಪ್ಪಿನ ಸಭಿಕರೊಬ್ಬರು ನಾಲ್ಕು ಭಾನುವಾರ ದೇವಾಲಯಕ್ಕೆ ಬಾರದಿದ್ದರೆ ಐದನೆಯ ದಿನ ಬಾಗಿಲು ತಟ್ಟುವವರು ಯಾರು ಎಂಬುದನ್ನು ಯಾವ ನ್ಯಾಯಾಲಯವೂ ಹೇಳಲಾರದು. ಆ ಪ್ರಶ್ನೆಗೆ ಸಭಾಪಾಲಕರ ಹೆಸರಿನ ಜತೆ ಊರಿನ ಇನ್ನೂ ನಾಲ್ಕು ಹೆಸರುಗಳು ತಟ್ಟನೆ ಬಂದರೆ ಆ ಸಭೆ ಆರೋಗ್ಯವಾಗಿದೆ ಎಂದೇ ಅರ್ಥ.